ಪ್ಲಾಂಚೆಟ್ ಆಡಿದ ಮೇಲೆ ರೂಮ್‌ಮೇಟ್‌ಗೆ ನಿದ್ದೆ ಇಲ್ಲ, ಏನು ಮಾಡಲಿ?

ಗುಮ್ಮಟದೂರಿನ ಹುಡುಗಿ:
ನಾನು ವಿಜಯಪುರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಹೋದ ಶನಿವಾರ ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಗಿತ್ತು. ನಾವು ನಾಲ್ವರು ಸುಮ್ನೆ ಮಜಾಕ್ಕೆ ಪ್ಲಾಂಚೆಟ್, ಅಂದರೆ ಸತ್ತವರ ಆತ್ಮ ಕರೆದು ಪ್ರಶ್ನೆ ಕೇಳುವ ಆಟ, ಆಡಿದೆವು. ಡ್ರಾಯಿಂಗ್ ಶೀಟ್ ಮೇಲೆ ಇಂಗ್ಲಿಷ್ ಅಕ್ಷರ, ಮೂಲೆಯಲ್ಲಿ 'ಹೌದು', 'ಇಲ್ಲ', ನಡುವೆ ಐದು ರೂಪಾಯಿ ನಾಣ್ಯ. ಎಲ್ಲರ ಬೆರಳು ಅದರ ಮೇಲೆ.

ಮೊದಲು ಸೆಮಿಸ್ಟರ್ ರಿಸಲ್ಟ್ ಕೇಳಿ ನಕ್ಕೆವು. ಆಮೇಲೆ ರೂಮ್‌ಮೇಟ್ ತನ್ನ ಅಪ್ಪನನ್ನು ಕರೆದಳು. ಅವರು ತೀರಿಕೊಂಡು ಐದು ತಿಂಗಳಾಗಿದೆ ಅಷ್ಟೇ. 'ಅಪ್ಪಾ, ನನ್ನ ಮೇಲೆ ಸಿಟ್ಟಿದೆಯಾ?' ಅಂದಳು. ನಾಣ್ಯ 'ಹೌದು' ಕಡೆ ಹೋಯಿತು.

ಅಂದಿನಿಂದ ಲೈಟ್ ಆರಿಸಲು ಬಿಡುವುದಿಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ನಾಣ್ಯ ನಾನಂತೂ ತಳ್ಳಲಿಲ್ಲ, ದೇವರಾಣೆ. ಬಂದವರನ್ನು ಕಳಿಸಿಕೊಡದೆ ಎದ್ದಿರಿ, ಇನ್ನೊಮ್ಮೆ ಕೂತು ಸರಿಯಾಗಿ ಕಳಿಸಿ ಅಂತಾರೆ ಸೀನಿಯರ್ ಅಕ್ಕ. ಕೂತುಕೊಳ್ಳಬೇಕಾ?

ಬಾಗಲಕೋಟೆ ಮಾಸ್ತರ:
ಬೇಡ, ನೋಡವ್ವಾ. ತಳ್ಳಲಿಲ್ಲ ಅಂತ ನಿನಗೆ ಅನಿಸಿದ್ದು ಸುಳ್ಳಲ್ಲ. ಆದರೆ ತಳ್ಳಿದ್ದು ನಿಮ್ಮ ಬೆರಳುಗಳೇ. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದನ್ನೇ ಪರೀಕ್ಷೆ ಮಾಡಿದ. ಆಗ ಇಂಗ್ಲೆಂಡಿನಲ್ಲಿ ಆತ್ಮ ಕರೆದು ಮೇಜು ತಿರುಗಿಸುವ ಹುಚ್ಚು ಜಾಸ್ತಿ ಇತ್ತು. ಮೇಜಿಗೂ ಕೈಗೂ ನಡುವೆ ರಟ್ಟುಗಳನ್ನು ಮೆತ್ತನೆಯ ಅಂಟು ಹಾಕಿ ಒಂದರ ಮೇಲೊಂದು ಇಟ್ಟ. ಕೈಗೆ ಹತ್ತಿರದ ರಟ್ಟೇ ಹೆಚ್ಚು ಸರಿದಿತ್ತು. ಮೇಜು ಕೈಯನ್ನು ಎಳೆದಿದ್ದರೆ ಕೆಳಗಿನದು ಹೆಚ್ಚು ಸರಿಯಬೇಕಿತ್ತು, ಅಲ್ವಾ? ಕೂತವರು ಮೋಸಗಾರರಲ್ಲ, ಅವರಿಗೇ ಗೊತ್ತಾಗಿರಲಿಲ್ಲ. ಅಕ್ಷರದ ಹಲಗೆಗೆ ಅಮೆರಿಕದಲ್ಲಿ 1891ರಲ್ಲಿ ಪೇಟೆಂಟ್ ಸಿಕ್ಕಿದ್ದೂ ಆಟದ ಸಾಮಾನು ಅಂತಲೇ. ಇದನ್ನು ಅವಳಿಗೆ ಹೇಳು.

ಬೆಳಗಾವಿ ಅಕ್ಕ:
ಮಾಸ್ತರೇ, ಫ್ಯಾರಡೆ ಸರಿ. ಆದರೆ ಈಗಲೇ ಹೇಳಿದರೆ 'ಹಾಗಾದ್ರೆ ಅಪ್ಪನ ಬಾಯಲ್ಲಿ ಆ ಮಾತು ಹಾಕಿದ್ದು ನಾನೇನಾ?' ಅಂತಾಳೆ. ಅದು ದೆವ್ವಕ್ಕಿಂತ ಕೆಟ್ಟದ್ದು. ನಮ್ಮಣ್ಣ ತೀರಿಕೊಂಡ ವರ್ಷ ನಾನೂ ಸ್ಟೀಲ್ ಬಟ್ಟಲು ಬೋರಲು ಹಾಕಿ ಕೂತವಳೇ. ನಿಂಬೆಹಣ್ಣು, ಊದಿನಕಡ್ಡಿ ಎಲ್ಲ ತಯಾರಿ ಇತ್ತು. ಉತ್ತರ ತಡೆದುಕೊಳ್ಳುವ ತಯಾರಿ ಇರಲಿಲ್ಲ. ಒಂದು ತಿಂಗಳು ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ.

ತಂಗಿ, ಅಪ್ಪನಿಗೆ ಯಾಕೆ ಸಿಟ್ಟಿರಬೇಕು ಅಂತ ಅವಳನ್ನೇ ಕೇಳು. ಅವರ ಮನೆಗೂ ತಿಳಿಸು. ನಿದ್ದೆ ಬರದೇ ಇದ್ದರೆ 14416ಕ್ಕೆ ಫೋನ್ ಮಾಡಿಸು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವವರ ಹತ್ತಿರ ಮಾತ್ರ ಯಾರೂ ಕರೆದುಕೊಂಡು ಹೋಗದಂತೆ ನೋಡಿಕೊ. ಅಮಾನವೀಯ ಆಚರಣೆ, ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ ಪ್ರಕಾರ ಅದು ಅಪರಾಧ.

ಗುಮ್ಮಟದೂರಿನ ಹುಡುಗಿ:
ಅಕ್ಕಾ, ಕೇಳಿದೆ. ಪರೀಕ್ಷೆಗೆ ಓದುವಾಗ ಅಪ್ಪನ ಫೋನ್ ಬಂದಿತ್ತಂತೆ. ಕಟ್ ಮಾಡಿದ್ದಳು. ಅದೇ ಕೊನೆಯ ಕಾಲ್. ರಾತ್ರಿ ಎರಡರವರೆಗೆ ಅಪ್ಪನ ಬಗ್ಗೆ ಮಾತಾಡಿದಳು, ಒಮ್ಮೆ ನಕ್ಕಳು ಕೂಡ. ನಾಳೆ ಇಂಡಿ ಊರಿನಿಂದ ಅವಳ ಅವ್ವ ಬರುತ್ತಾರೆ. ಫ್ಯಾರಡೆ ವಿಷಯ ಇನ್ನೂ ಹೇಳಿಲ್ಲ, ಮಾಸ್ತರೇ. ನಾಣ್ಯ ಕ್ಯಾಂಟೀನ್‌ನಲ್ಲಿ ಚಹಾಕ್ಕೆ ಕೊಟ್ಟೆ. ಶೀಟ್ ಹರಿಯಲು ಮಾತ್ರ ನನಗೇ ಧೈರ್ಯ ಇಲ್ಲ, ಮಂಚದ ಕೆಳಗೇ ಇದೆ.