ಆ ಹಳೆ ಚೀಟಿ ಕೀಳಬೇಡಿ
ಬಳ್ಳಾರಿ ಜಿಯಾಲಜಿ ಗೆಳೆಯರು

ವೀರೇಶ: ಫೋಟೋ ನೋಡಿ. ಕಾಲೇಜಿನ ಹಳೆ ಬೀರು ಖಾಲಿ ಮಾಡುವಾಗ ಈ ಕಲ್ಲಾದ ಚಿಪ್ಪು ಸಿಕ್ಕಿತು. ಚೀಟಿಯಲ್ಲಿ ‘ವೆಲೇಟಿಸ್ ಶ್ಮಿಡೆಲಿಯಾನಸ್’ ಅಂತ ಇದೆ. ಈಗ ಇದರ ಹೆಸರು ‘ವೆಲೇಟಿಸ್ ಪರ್ವರ್ಸಸ್’ ಅಂತೆ. ನಾಳೆ ಹಳೆ ಚೀಟಿ ಕಿತ್ತು ಹೊಸದು ಅಂಟಿಸುತ್ತೇವೆ. ‘ಸಂಡೂರು ಬೆಟ್ಟದ ಅಪರೂಪದ ಶಂಖ’ ಅಂತ ಬೋರ್ಡ್ ಬರೆಸೋಕೂ ಕೊಟ್ಟಾಯಿತು.

ಸುಮಂಗಲಾ: ಬೋರ್ಡ್ ನಿಲ್ಲಿಸಿ ವೀರೇಶ, ಈಗಲೇ ಫೋನ್ ಮಾಡಿ. ಸಂಡೂರಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆಗ ಸಮುದ್ರ ಇತ್ತು, ಆದರೆ ಬಸವನ ಹುಳ ಇರಲಿಲ್ಲ, ಅದರ ವಂಶ ಹುಟ್ಟಿದ್ದೇ ಸುಮಾರು 50 ಕೋಟಿ ವರ್ಷದ ಈಚೆಗೆ. ಇದು ಇಯೋಸೀನ್ ಕಾಲದ್ದು, ಅಂದರೆ 5.6 ಕೋಟಿಯಿಂದ 3.4 ಕೋಟಿ ವರ್ಷದ ಹಿಂದಿನದು. ಅದಿರು ಅಗೆಯುವ ಗುಡ್ಡದಲ್ಲಿ ಇದು ಹೇಗೆ ಬರುತ್ತದೆ?

ಬಸವರಾಜ: ಊರು ಬಿಡಿ, ಹೆಸರು ಯಾಕೆ ಬದಲಾಯಿಸಬೇಕು? ಶ್ಮಿಡೆಲ್ ಅಂತ ಒಬ್ಬ ಜರ್ಮನ್ ವಿದ್ವಾಂಸನ ಗೌರವಕ್ಕೆ ಇಟ್ಟ ಹೆಸರು. ಚಿಪ್ಪುಗಳ ಪುಸ್ತಕ ಬರೆದ ಕೆಮ್ನಿಟ್ಸ್ ಅದನ್ನು ಇಟ್ಟಿದ್ದು 1786ರಲ್ಲಿ, ಗ್ಮೆಲಿನ್ ಅನ್ನೋ ಇನ್ನೊಬ್ಬ ಇದನ್ನೇ ‘ಪರ್ವರ್ಸಾ’ ಅಂದಿದ್ದು 1791ರಲ್ಲಿ. ಮೊದಲು ಇಟ್ಟವರ ಹೆಸರೇ ನಿಲ್ಲಬೇಕು ಅಂತ ನಮಗೆ ಕಲಿಸಿದ್ದು ಸುಳ್ಳಾ? ಬೆಳ್ಳಾರಿ ಹೋಗಿ ಬಳ್ಳಾರಿ ಆದ ಹಾಗೆ ಸುಮ್ನೆ ಬದಲಾಯಿಸುತ್ತಾರೆ.

ಸುಮಂಗಲಾ: ನೀವು ಹೇಳಿದ ವರ್ಷ ಸರಿ, ಮೊದಲ ಹೆಸರು ನಿಲ್ಲಬೇಕು ಅನ್ನುವುದೂ ಸರಿ. ಆದರೆ ಮೊದಲು ಬರೆದ ಕ್ರಯಪತ್ರ ನೋಂದಣಿಯೇ ಆಗಿಲ್ಲದಿದ್ದರೆ ಹೊಲ ಯಾರದ್ದು? ಕೆಮ್ನಿಟ್ಸ್‌ನ ದೊಡ್ಡ ಚಿಪ್ಪು ಪುಸ್ತಕದಲ್ಲಿ ಕುಲಕ್ಕೊಂದು, ಜಾತಿಗೊಂದು ಅಂತ ಎರಡು ಪದದ ಹೆಸರಿನ ಕ್ರಮವನ್ನು ಉದ್ದಕ್ಕೂ ಪಾಲಿಸಿಲ್ಲ. ಅದಕ್ಕೇ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಆಯೋಗ ಆ ಸಂಪುಟಗಳ ಹೆಸರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಗ್ಮೆಲಿನ್ ಆ ಎರಡು ಪದದ ಕ್ರಮ ತಂದ ಲಿನೇಯಸ್‌ನ ಪುಸ್ತಕವನ್ನು ಪರಿಷ್ಕರಿಸಿ ಕ್ರಮಬದ್ಧವಾಗಿ ಬರೆದ, ಅವನ ಹೆಸರು ನಿಂತಿತು. ‘ವೆಲೇಟಿಸ್’ ಅನ್ನುವ ಕುಲದ ಹೆಸರು ಬಂದಿದ್ದು 1810ರಲ್ಲಿ, ಮಾಂಟ್‌ಫೋರ್ಟ್ ಇಟ್ಟಿದ್ದು. ಬಳ್ಳಾರಿ ಹೆಸರು ಸರ್ಕಾರದ ತೀರ್ಮಾನ. ಇಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ, ಅದೇ ನನಗೆ ಇಷ್ಟ.

ಬಸವರಾಜ: ಒಪ್ಪಿದೆ. ಆದರೂ ಒಬ್ಬ ಮನುಷ್ಯನ ಹೆಸರು ತೆಗೆದು ‘ತಿರುವುಮುರುವು’ ಅನ್ನೋ ಅರ್ಥದ ‘ಪರ್ವರ್ಸಸ್’ ಹಾಕೋದು ಮನಸ್ಸಿಗೆ ಹಿಡಿಸಲಿಲ್ಲ.

ಸುಮಂಗಲಾ: ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದರೆ ಹಿಡಿಸುತ್ತದೆ. ಮೇಲಿನಿಂದ ತಗ್ಗು ಟೋಪಿಯ ಹಾಗೆ, ತುದಿಯಲ್ಲಿ ಒಂದು ಪುಟ್ಟ ಸುರುಳಿ. ಅಷ್ಟೇ, ಉಳಿದದ್ದೆಲ್ಲಾ ಕೊನೆಯ ಸುತ್ತೇ ಹರಡಿಕೊಂಡು ನುಂಗಿಬಿಟ್ಟಿದೆ. ತಿರುಗಿಸಿದರೆ ದಪ್ಪ ಉಬ್ಬು ತಳ, ಅರ್ಧಚಂದ್ರದ ಬಾಯಿ, ಒಳ ಅಂಚಿನಲ್ಲಿ ಸಾಲು ಹಲ್ಲು. ಈಗಲೂ ಕಡಲ ಬಂಡೆಗೆ ಅಂಟಿಕೊಂಡಿರುವ ನೆರೈಟ್ ಬಸವನ ಹುಳಗಳ ಬಾಯಿಯೂ ಹೀಗೇ ಇರುತ್ತದೆ. ಇದೂ ಅದೇ ಕುಟುಂಬದ್ದು. ಹಾಗಾಗಿ ‘ಶಂಖ’ ಅಂತಲೂ ಬರೆಯಬೇಡಿ, ಶಂಖದ ಕುಟುಂಬವೇ ಬೇರೆ.

ಗಂಗಾ: ಅಪರೂಪದ್ದು ಅಂದರೆ ಲಕ್ಷಕ್ಕೆ ಹೋಗುತ್ತದಾ?

ಸುಮಂಗಲಾ: ಗಂಗಾ, ಪ್ಯಾರಿಸ್ ಸುತ್ತಲಿನ ನೆಲದಿಂದ ಸಿಂಧ್‌ವರೆಗೂ ಇದು ಸಿಗುತ್ತದೆ. ಆಗ ಅಲ್ಲೆಲ್ಲಾ ಟೆಥಿಸ್ ಸಮುದ್ರ ಹಬ್ಬಿತ್ತು. ನಮ್ಮ ಬೀರುವಿನಲ್ಲಿ ಇರುವುದು ಮಾತ್ರ ಒಂದೇ ಒಂದು. ಮಾರುವ ಮಾತು ಬೇಡ. ವೀರೇಶ, ಹಳೆ ಚೀಟಿಯನ್ನು ಕೀಳಲೇಬೇಡಿ. ಹೆಸರು ಹಳತಾಗಿರಬಹುದು, ಆದರೆ ಎಲ್ಲಿ ಸಿಕ್ಕಿತು ಅನ್ನುವುದು ಆ ಚೀಟಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಬರೆದಿರುವುದಿಲ್ಲ. ಹೊಸ ಚೀಟಿ ಪಕ್ಕದಲ್ಲಿ ಇಡಿ. ಕೆಳಗಿನ ಸಾಲಿನ ಮೇಲೆ ಟಾರ್ಚ್ ಬಿಟ್ಟು ಇನ್ನೊಂದು ಫೋಟೋ ಹಾಕಿ, ಏನೋ ಮಸುಕಾಗಿ ಕಾಣುತ್ತಿದೆ.

ವೀರೇಶ: ಹಾಕಿದೆ. ಮೊದಲ ಅಕ್ಷರ ‘ಎಸ್’. ಅದಕ್ಕೇ ನಾವು ಸಂಡೂರು ಅಂದುಕೊಂಡಿದ್ದು.

ಬಸವರಾಜ: ದೊಡ್ಡದು ಮಾಡಿ ನೋಡಿದೆ. ಕೊನೆಯ ಅಕ್ಷರ ‘ಡಿ’. ನಾಲ್ಕೇ ಅಕ್ಷರ. ಹಳೆ ಇಂಗ್ಲಿಷ್ ಕಾಗುಣಿತದ ಸಿಂಧ್.

ವೀರೇಶ: ಬೋರ್ಡ್‌ನವನಿಗೆ ಫೋನ್ ಮಾಡುತ್ತಿದ್ದೇನೆ.