ಸಿಸ್ಟರ್ ಕೇಳಿದ ಪ್ರಶ್ನೆ: ಶುಶ್ರೂಷೆ ವ್ರತವೋ, ವೃತ್ತಿಯೋ?

ನಿವೃತ್ತ ಮೇಷ್ಟ್ರು, ಮುಳಬಾಗಿಲು:
ಕಳೆದ ಮೇ 12ರಂದು, ಅಂದರೆ ದಾದಿಯರ ದಿನದಂದು, ಕೋಲಾರದ ನರ್ಸಿಂಗ್ ಶಾಲೆಯೊಂದರ ಸಮಾರಂಭಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದ ಬಾಯಿ, ಮೈಕು ಸಿಕ್ಕರೆ ಸುಮ್ಮನಿರುವುದಿಲ್ಲ. ನರ್ಸುಗಳು ಸಂಬಳಕ್ಕಾಗಿ ದುಡಿಯುವವರಲ್ಲ, ಅವರದು ವೃತ್ತಿಗಿಂತ ಹೆಚ್ಚಾಗಿ ವ್ರತ, ಅವರು ನಡೆದಾಡುವ ದೇವತೆಗಳು ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ, ಆ ಶಾಲೆಯ ಹಳೆಯ ವಿದ್ಯಾರ್ಥಿನಿಯಾದ ಸಿಸ್ಟರ್ ಒಬ್ಬರು ಹತ್ತಿರ ಬಂದು, "ಸರ್, ತಮಗೆ ಪಿಂಚಣಿ ಎಷ್ಟು ಬರುತ್ತದೆ?" ಎಂದು ಬಹಳ ವಿನಯದಿಂದ ಕೇಳಿದರು. ನಾನು ಉತ್ತರ ಕೊಡದೆ ಕೈತೊಳೆಯಲು ಹೋದೆ. ಅಂದು ಅದು ಉದ್ಧಟತನವೆಂದು ಕಂಡಿತ್ತು, ಈಗ ಅಷ್ಟು ಖಾತ್ರಿಯಿಲ್ಲ. ಆದರೂ ಅಪರಿಚಿತರ ಮಲಮೂತ್ರ ಬಳಿಯುವ ಕೆಲಸವನ್ನು ಬರೀ ಸಂಬಳದ ಲೆಕ್ಕದಲ್ಲಿ ಯಾರೂ ಮಾಡಲಾರರು, ಅದಕ್ಕೆ ಅಂತಃಕರಣ ಬೇಕೇ ಬೇಕು ಎಂಬ ನನ್ನ ನಂಬಿಕೆ ಹಾಗೆಯೇ ಇದೆ. ಬಲ್ಲವರು ಹೇಳಬೇಕು.

ರಾತ್ರಿ ಪಾಳಿ:
ಮೇಷ್ಟ್ರೇ, ನಾನು ಹದಿನಾಲ್ಕು ವರ್ಷದಿಂದ ಈ ಜಿಲ್ಲೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮಲಮೂತ್ರದ ಮಾತನ್ನು ಎಲ್ಲರೂ ಮೊದಲು ಎತ್ತುತ್ತಾರೆ, ಏಕೆಂದರೆ ಹೊರಗೆ ನಿಂತವರಿಗೆ ಕಾಣುವುದು ಅದು. ಕಾಣದ್ದನ್ನು ಒಂದಿಷ್ಟು ಹೇಳುತ್ತೇನೆ.

ಹೆರಿಗೆ ವಾರ್ಡು, ರಾತ್ರಿ ಎರಡೂ ಮುಕ್ಕಾಲು, ಶ್ರೀನಿವಾಸಪುರದ ಕಡೆಯ ಹುಡುಗಿಗೆ ಚೊಚ್ಚಲ ಹೆರಿಗೆ. ಮಗು ಅತ್ತಿತು, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಮದ್ದು 10 ಯೂನಿಟ್ ಕೊಟ್ಟಾಗಿತ್ತು, ಮಾಸು ಪೂರ್ತಿ ಬಂದಿತ್ತು, ಹೊರಗೆ ಅತ್ತೆ ಆಗಲೇ ಸಕ್ಕರೆ ಹಂಚುತ್ತಿದ್ದರು. ವಾಡಿಕೆಯಂತೆ ಹೊಟ್ಟೆಯ ಮೇಲೆ ಕೈಯಿಟ್ಟೆ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗಿ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕು, ಇದು ನೆನೆದ ಹಿಟ್ಟಿನಂತೆ ಮೆತ್ತಗಿತ್ತು. ಪ್ಯಾಡು ಅಷ್ಟೇನೂ ನೆನೆದಿರಲಿಲ್ಲ, ಆದರೆ ಸೊಂಟದ ಕೆಳಗೆ ಕೈ ಹಾಕಿದರೆ ರಕ್ತ ಮಡುಗಟ್ಟಿತ್ತು. ಒಂದು ಕೈಯಲ್ಲಿ ಗರ್ಭಕೋಶ ತಿಕ್ಕುತ್ತಲೇ ಡಾಕ್ಟರನ್ನು ಎಬ್ಬಿಸಲು ಆಯಾಳನ್ನು ಓಡಿಸಿದೆ. ಜೊತೆಯವಳು ಎರಡನೆಯ ಸೂಜಿ ಹಾಕಿದಳು, ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಕುಗ್ಗುವುದಿಲ್ಲವಾದ್ದರಿಂದ ಮೂತ್ರ ಹೊರತೆಗೆಯುವ ಕೊಳವೆ, ಕ್ಯಾತಿಟರ್ ಇಟ್ಟಳು. ಡಾಕ್ಟರು ಬರುವ ಹೊತ್ತಿಗೆ ಅದು ಗಟ್ಟಿಯಾಗತೊಡಗಿತ್ತು. ಆ ಹೊತ್ತಿನಲ್ಲಿ ನನ್ನೊಳಗೆ ಕರುಣೆ ಇತ್ತೋ ಇಲ್ಲವೋ ನೆನಪಿಲ್ಲ, ಆದರೆ ಅಂಗೈಗೆ ಪಾಠ ನೆನಪಿತ್ತು. ಅಂತಃಕರಣವನ್ನಷ್ಟೇ ಹೊಗಳುವವರು ಆ ಅಂಗೈಯ ವಿದ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ ಎಂಬುದೇ ನಮ್ಮ ಬೇಸರ.

ಬಂಗಾರಪೇಟೆಯವನು:
ಸಿಸ್ಟರ್ ಬಗ್ಗೆ ಗೌರವವಿಟ್ಟುಕೊಂಡೇ ವಿರೋಧ ಹೇಳುತ್ತೇನೆ. ನನ್ನ ತಾಯಿಗೆ ಲಕ್ವ ಹೊಡೆದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಬಿ.ಪಿ. ಹೊತ್ತಿಗೆ ಸರಿಯಾಗಿ ನೋಡಿದರು, ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಂತು, ಚಾರ್ಟು ಭರ್ತಿಯಾಯಿತು, ಎಲ್ಲವೂ ನೀವು ಹೇಳುವ ವೃತ್ತಿಯ ಪ್ರಕಾರವೇ ನಡೆಯಿತು. ನಮ್ಮ ಕಡೆಯ ಎಷ್ಟೋ ಮುದುಕರಂತೆ ಅಮ್ಮನಿಗೆ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ರಾತ್ರಿಯಿಡೀ "ನೀಳ್ಳು, ನೀಳ್ಳು" ಎಂದು ನೀರು ಕೇಳಿದರು. ನುಂಗಲು ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆಂದು ಬಾಯಿಗೆ ಏನೂ ಕೊಡಬಾರದೆಂಬ ಆದೇಶವಿತ್ತಂತೆ, ಅದು ನನಗೆ ತಿಳಿದದ್ದು ಬೆಳಿಗ್ಗೆ. ಮೂರು ಸಲ ಆ ಮಂಚದ ಪಕ್ಕದಲ್ಲೇ ಹಾದುಹೋದ ಸಿಸ್ಟರ್ ಒಮ್ಮೆಯೂ ನಿಂತು, "ಅಮ್ಮಾ, ಈಗ ಕುಡಿಯಬಾರದು" ಎನ್ನಲಿಲ್ಲ. ನಾಲ್ಕನೆಯ ದಿನ ಅಮ್ಮ ಹೋದರು. ವೃತ್ತಿಯಲ್ಲಿ ಲೋಪವಿರಲಿಲ್ಲ, ಕೊರತೆಯಿದ್ದದ್ದು ಮೇಷ್ಟ್ರು ಹೇಳುವ ಅಂತಃಕರಣದಲ್ಲಿ.

ರಾತ್ರಿ ಪಾಳಿ:
ಓದಿ ಸಂಕಟವಾಯಿತು. ಆದರೆ ವೃತ್ತಿಯಲ್ಲಿ ಲೋಪವಿರಲಿಲ್ಲವೆಂಬ ಮಾತನ್ನು ಒಪ್ಪಲಾರೆ. ಬಾಯಿಗೆ ಏನೂ ಕೊಡಬಾರದ ರೋಗಿಗೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ, ವಸಡು ಒರೆಸುತ್ತಿರಬೇಕೆಂಬುದು ನಮಗೆ ಮೊದಲ ವರ್ಷದ ಪಾಠ, ಅದನ್ನು ಪರೀಕ್ಷೆಯಲ್ಲಿ ಮಾಡಿ ತೋರಿಸಿ ಅಂಕ ಪಡೆದಿರುತ್ತೇವೆ. ಏಕೆ ನೀರಿಲ್ಲವೆಂದು ರೋಗಿಗೂ ಮನೆಯವರಿಗೂ ತಿಳಿಸುವುದೂ ಪಾಠವೇ. ನಿಮ್ಮ ತಾಯಿಗೆ ಸಿಗದೆ ಹೋದದ್ದು ಯಾವುದೋ ದೇವತೆಯ ಕೃಪೆಯಲ್ಲ, ಅದು ಅವರಿಗೆ ಸಲ್ಲಬೇಕಾಗಿದ್ದ ಚಿಕಿತ್ಸೆ. ಕರುಣೆಯ ಕೊರತೆ ಎಂದರೆ ಯಾರನ್ನೂ ಕೇಳುವಂತಿಲ್ಲ, ಚಿಕಿತ್ಸೆಯ ಲೋಪ ಎಂದರೆ ಆಡಳಿತವನ್ನು ನಿಲ್ಲಿಸಿ ಕೇಳಬಹುದು. ಅಂದು ಆ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಸಿಸ್ಟರ್ ಇದ್ದರೆಂದು ಗಮನಿಸಿದ್ದಿರಾ?

ಬಂಗಾರಪೇಟೆಯವನು:
ಮೂವತ್ತಕ್ಕೂ ಹೆಚ್ಚು ಮಂಚಗಳಿಗೆ ಇಬ್ಬರು. ಎಣಿಸಿದ್ದೇನೆ, ಏಕೆಂದರೆ ನನಗೂ ನಿದ್ದೆಯಿರಲಿಲ್ಲ. ಆದರೂ ಒಂದು ಮಾತಿಗೆ ಎಷ್ಟು ಹೊತ್ತು ಬೇಕು?

ರಾತ್ರಿ ಪಾಳಿ:
ಹೊತ್ತು ಬೇಡ. ಅದು ತಪ್ಪೇ. ಇಬ್ಬರೇ ಇದ್ದರೆಂಬುದು ಅದಕ್ಕೆ ಸಬೂಬಾಗುವುದಿಲ್ಲ.

ಕಾನೂನು ವಿದ್ಯಾರ್ಥಿ, ಕೆ.ಜಿ.ಎಫ್.:
ಎಣಿಕೆಯ ಮಾತು ಬಂದದ್ದರಿಂದ ಒಂದೆರಡು ಅಂಶ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು. ಮೇಲಿನ ವಾರ್ಡಿನಲ್ಲಿ ಹದಿನೈದಕ್ಕೆ ಒಬ್ಬರು. ಸಂಬಳದ ವಿಷಯದಲ್ಲಿ, ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸೂಚಿಸಿತು. ಆ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಇರಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದೂ ಹೇಳಿತು. ಜಾರಿಯ ಹೊಣೆ ರಾಜ್ಯಗಳ ಪಾಲಿಗೆ ಬಂತು. ಕೇರಳದಲ್ಲಿ 2017ರಲ್ಲಿ ನರ್ಸುಗಳು ಮುಷ್ಕರ ಹೂಡಿದರು, ಮರುವರ್ಷ ಅಲ್ಲಿನ ಸರ್ಕಾರ 20,000ದ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ದೇವತೆಗಳು ಮುಷ್ಕರ ಹೂಡುವುದನ್ನು ಪುರಾಣದಲ್ಲಿ ಎಲ್ಲೂ ಓದಿಲ್ಲ.

ವಚನಾಸಕ್ತ, ಮಾಲೂರು:
ಸಂಬಳದ ಮಾತಷ್ಟೇ ಆದರೆ ಚರ್ಚೆ ಬಡವಾಗುತ್ತದೆ. ವ್ರತ ಮತ್ತು ವೃತ್ತಿಗಳ ನಡುವೆ ನಮ್ಮಲ್ಲಿ 'ಕಾಯಕ' ಎಂಬ ಪದ ಇದೆಯಲ್ಲ. ಕಾಯಕವೇ ಕೈಲಾಸ ಎಂಬ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅದೇ ಮಾರಯ್ಯ ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಹೆಚ್ಚಿಗೆ ಆಸೆಪಡದ ಆ ಗುಣ ನರ್ಸಿಂಗ್‌ನಲ್ಲಿಯೂ ಇರಬೇಕೆಂದು ಬಯಸುವುದು ತಪ್ಪೆ?

ಬಿ.ಎಸ್ಸಿ. ಮೂರನೇ ವರ್ಷ:
ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಸುರಿದು ಬರಲು ಹೇಳಿದಳು, ಅಂದಿನ ಪಾಲಿನ ಅಕ್ಕಿಯನ್ನಲ್ಲ ಸರ್. ದಾಸೋಹ ನಡೆದದ್ದೂ ಆ ಪಾಲಿನಿಂದಲೇ. ನಮ್ಮ ಸೀನಿಯರ್‌ಗಳಿಗೆ ಪಾಲೇ ಸಿಕ್ಕಿಲ್ಲ. ಕಳೆದ ಬ್ಯಾಚಿನ ಅಕ್ಕನೊಬ್ಬಳು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಮೂಲ ಅಂಕಪಟ್ಟಿಗಳನ್ನು ತೆಗೆದಿಟ್ಟುಕೊಂಡು ಎರಡು ವರ್ಷದ ಬಾಂಡ್ ಬರೆಸಿಕೊಂಡಿದ್ದಾರೆ. ವ್ರತ ಹಿಡಿದವರ ದಾಖಲೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅಗತ್ಯವೇನಿತ್ತು?

ಇನ್ನೊಂದು ಮಾತು. ಮೇ 12 ಆಧುನಿಕ ಶುಶ್ರೂಷೆಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಹೀಗಾಗಿ ಪ್ರತಿ ವರ್ಷ ಆಕೆಯ ನಿಸ್ವಾರ್ಥವನ್ನು ಕೇಳುತ್ತೇವೆ. ಆಕೆ ಸಂಬಳವಿಲ್ಲದೆ ಬದುಕಲು ಸಾಧ್ಯವಾದದ್ದು ಶ್ರೀಮಂತ ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದುದರಿಂದ. 1854ರಲ್ಲಿ ಕ್ರಿಮಿಯನ್ ಯುದ್ಧದ ಗಾಯಾಳುಗಳ ಆಸ್ಪತ್ರೆಗೆಂದು ಆಕೆ ಕರೆದೊಯ್ದ 38 ಮಂದಿಯಲ್ಲಿ ಧಾರ್ಮಿಕ ಸಂಘಗಳಿಂದ ಬಂದವರೂ ಇದ್ದರು, ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದ ನರ್ಸುಗಳೂ ಇದ್ದರು. 1860ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದದ್ದು ಈ ಕೆಲಸವನ್ನು ಕಲಿತು ಮಾಡಬೇಕು ಎಂದು ತಾನೆ? ನಾವು ದೀಪ ಹಿಡಿದು ಓದುವ ಪ್ರತಿಜ್ಞೆಯನ್ನಂತೂ ಆಕೆ ಬರೆದೇ ಇಲ್ಲ, ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚನೆಯಾದದ್ದು.

ಬ್ರದರ್:
ನಾನು ಗಂಡು ನರ್ಸ್. ಹತ್ತು ವರ್ಷದಲ್ಲಿ ಯಾರೂ ನನ್ನನ್ನು ದೇವತೆ ಎಂದಿಲ್ಲ, ನನ್ನಿಂದ ತಾಯಿಯ ಮಮತೆ ನಿರೀಕ್ಷಿಸಿಯೂ ಇಲ್ಲ, ಸೂಜಿ ನೋಯದಂತೆ ಚುಚ್ಚಿದರೆ ಸಾಕು. ಅದೇ ಕೆಲಸ ಮಾಡುವ ಪಕ್ಕದ ಸಿಸ್ಟರ್ ನಗದಿದ್ದರೆ ದೂರು ಬರೆಯುತ್ತಾರೆ. ಈ ವ್ರತದ ಮಾತಿನಲ್ಲಿ ಅರ್ಧ ಪಾಲು ಹೆಂಗಸರ ದುಡಿಮೆಗೆ ಬೆಲೆ ಕಟ್ಟದ ನಮ್ಮ ಮನೆಗಳ ಅಭ್ಯಾಸವೇ ಇದೆಯೆಂದು ನನ್ನ ಗುಮಾನಿ.

ನಿವೃತ್ತ ಮೇಷ್ಟ್ರು, ಮುಳಬಾಗಿಲು:
ಎಲ್ಲ ಓದಿದೆ. ಶುಶ್ರೂಷೆ ಎಂಬ ಪದದ ಮೂಲದಲ್ಲಿ 'ಶ್ರು' ಧಾತುವಿದೆ, ಕೇಳುವ ಬಯಕೆ ಎಂಬುದು ಅದರ ಮೂಲಾರ್ಥ. ಬಂಗಾರಪೇಟೆಯವರ ತಾಯಿಗೆ ಬೇಕಾಗಿದ್ದದ್ದು ಅದೇ ಅಲ್ಲವೆ? ಇನ್ನು ಅರುಣಾ ಶಾನಭಾಗ್ ಪ್ರಕರಣಕ್ಕೆ ಏನು ಹೇಳುತ್ತೀರಿ? ಆಕೆ ನಮ್ಮ ಹೊನ್ನಾವರದ ಹಳದೀಪುರದ ಹೆಣ್ಣುಮಗಳು, ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿಯ ನೌಕರನೊಬ್ಬನ ಹಲ್ಲೆಗೆ ಸಿಕ್ಕು ಪ್ರಜ್ಞೆ ಕಳೆದುಕೊಂಡು, 2015ರಲ್ಲಿ ಕಣ್ಣುಮುಚ್ಚುವವರೆಗೆ 42 ವರ್ಷ ಹಾಸಿಗೆಯಲ್ಲಿದ್ದರು. ಅಷ್ಟು ಕಾಲವೂ ಅಲ್ಲಿನ ನರ್ಸುಗಳು ಒಂದು ಹಾಸಿಗೆಹುಣ್ಣು ಕೂಡ ಆಗದಂತೆ ನೋಡಿಕೊಂಡರು. ದಯಾಮರಣದ ಅರ್ಜಿ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತೀರ್ಮಾನಕ್ಕೆ ಬಂದಾಗ, ಆಕೆಯ ಪರವಾಗಿ ಮಾತಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಇದನ್ನು ಯಾವ ವೇತನಶ್ರೇಣಿ ಮಾಡಿಸೀತು?

ರಾತ್ರಿ ಪಾಳಿ:
ಇದನ್ನು ನೀವು ಎತ್ತುವಿರೆಂದು ಕಾದಿದ್ದೆ. ಹಾಸಿಗೆಹುಣ್ಣು ಆಗದಿರಬೇಕಾದರೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅಂದರೆ ದಿನಕ್ಕೆ ಹನ್ನೆರಡು ಸಲ. ಬೆನ್ನು, ಹಿಮ್ಮಡಿ, ಸೊಂಟದ ಮೂಳೆಯ ಜಾಗಗಳನ್ನು ಪ್ರತಿ ಸಲವೂ ನೋಡಬೇಕು, ಹಾಸುಬಟ್ಟೆಯಲ್ಲಿ ಒಂದು ಸುಕ್ಕೂ ಉಳಿಯಬಾರದು, ತೇವವಂತೂ ಕೂಡದು. ಇದನ್ನು 42 ವರ್ಷ ಒಬ್ಬಳೇ ಯಾವ ಸಾಧ್ವಿಯೂ ಮಾಡಲಾರಳು. ಅಲ್ಲಿ ಬೆಳಗಿನ ಪಾಳಿಯವಳು ಮಧ್ಯಾಹ್ನದವಳಿಗೆ, ಅವಳು ರಾತ್ರಿಯವಳಿಗೆ ಆಕೆಯನ್ನು ಒಪ್ಪಿಸಿ ಮನೆಗೆ ಹೋಗಿದ್ದಾಳೆ, ಊಟ ಮಾಡಿದ್ದಾಳೆ, ಮಲಗಿದ್ದಾಳೆ, ತಿಂಗಳಿಗೊಮ್ಮೆ ಸಂಬಳ ಪಡೆದಿದ್ದಾಳೆ. ಆಕೆಯ ಜೊತೆ ಕೆಲಸ ಮಾಡಿದ್ದವರು ನಿವೃತ್ತರಾದ ಮೇಲೆ, ಆಕೆ ನಡೆದದ್ದನ್ನು ಎಂದೂ ನೋಡಿರದ, ಆಗಿನ್ನೂ ಹುಟ್ಟಿರದ ಹುಡುಗಿಯರು ಬಂದು ಅದೇ ಕೆಲಸ ಮುಂದುವರಿಸಿದರು. ನನಗೆ ಆ ಕಥೆಯಲ್ಲಿ ಕಣ್ಣಲ್ಲಿ ನೀರು ತರಿಸುವುದು ಆ ಪಾಳಿ ಪಟ್ಟಿಯೇ. ಪ್ರೀತಿ ಇರಲಿಲ್ಲವೆಂದು ಹೇಳುತ್ತಿಲ್ಲ, ಖಂಡಿತ ಇತ್ತು. ಆದರೆ ಪ್ರೀತಿ ಬತ್ತಿದ ದಿನವೂ, ಮನೆಯಲ್ಲಿ ಮಗುವಿಗೆ ಜ್ವರವಿದ್ದ ದಿನವೂ ಆ ಮಗ್ಗುಲು ಬದಲಾಗಿದೆಯಲ್ಲ.

ವಚನಾಸಕ್ತ, ಮಾಲೂರು:
ನನ್ನ ಮಾತನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳನ್ನು ಚರಕ ಹೇಳುವಾಗ ಮೊದಲು ಉಪಚಾರದ ಜ್ಞಾನ, ಆಮೇಲೆ ದಕ್ಷತೆ, ಮೂರನೆಯದಾಗಿ ಅನುರಾಗ, ಕೊನೆಗೆ ಶುಚಿತ್ವ ಎನ್ನುತ್ತಾನೆ. ಅನುರಾಗ ಪಟ್ಟಿಯಲ್ಲಿದೆ, ಆದರೆ ಮೊದಲಿಗಿಲ್ಲ. ಸಂಬಳದ ಬಗ್ಗೆ ಆ ಶ್ಲೋಕ ಮೌನ.

ಬಂಗಾರಪೇಟೆಯವನು:
ನನಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಹದಿನೈದಕ್ಕೆ ಒಬ್ಬರೆಂಬುದನ್ನು ಅಂದು ಆ ಆಸ್ಪತ್ರೆಯ ಆಡಳಿತವನ್ನು ಕೇಳದೆ ಸಿಸ್ಟರ್ ಮೇಲೆ ಕೂಗಾಡಿ ಬಂದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಒದ್ದೆ ಹತ್ತಿಯ ವಿಷಯ ತಿಳಿದಿದ್ದರೆ ನಾನೇ ಒರೆಸುತ್ತಿದ್ದೆ.

ನಿವೃತ್ತ ಮೇಷ್ಟ್ರು, ಮುಳಬಾಗಿಲು:
ನಿನ್ನೆ ಆ ಶಾಲೆಯ ಪ್ರಾಂಶುಪಾಲರ ಮೂಲಕ ಆ ಸಿಸ್ಟರ್‌ಗೆ ಫೋನ್ ಮಾಡಿಸಿ ಮಾತಾಡಿದೆ. ಅಂದು ನೀವು ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿತ್ತು, ನನ್ನ ಪಿಂಚಣಿ 38,400 ರೂಪಾಯಿ ಎಂದು ಹೇಳಿದೆ. ಆಕೆ ಸ್ವಲ್ಪ ನಕ್ಕು, ತಾವಿರುವುದು ನಲವತ್ತು ಹಾಸಿಗೆಯ ಆಸ್ಪತ್ರೆ, ಹನ್ನೊಂದು ವರ್ಷದ ಅನುಭವ, ಕೈಗೆ ಬರುವುದು 13,500 ಎಂದರು. ಮುಂದೆ ಏನು ಹೇಳುವುದೆಂದು ನಾನು ತಡವರಿಸುತ್ತಿದ್ದಾಗ, "ಸರ್, ರಾತ್ರಿ ಡ್ಯೂಟಿ ಇದೆ, ಬಸ್ಸು ಬಂತು" ಎಂದು ಇಟ್ಟುಬಿಟ್ಟರು.