ಸೀಸಕ್ಕೆ ಸೋಲು

ಬಸಣ್ಣ ಮೇಸ್ತ್ರಿಗೆ ನರ್ಸಿಂಗ್ ಹೋಮ್ ಒಂದರ ಎಕ್ಸ್‌ರೇ ಕೋಣೆ ಕಟ್ಟುವ ಗುತ್ತಿಗೆ ಸಿಕ್ಕ ದಿನದಿಂದ ಸರೋಜಕ್ಕನ ಹೋಟೆಲಿನಲ್ಲಿ ನಮಗೆ ರಾಜಕೀಯ ಮರೆತೇಹೋಗಿದೆ.

“ಕಿರಣ ಹೊರಗೆ ಬಾರದಂತೆ ಸುತ್ತಲೂ ಸೀಸದ ತಗಡು ಹೊಡೆಸಿಬಿಡು” ಎಂದ ಚಂದ್ರು. ಹಣ ಬೇರೆಯವರದಾದರೆ ಅವನ ಸಲಹೆ ಯಾವಾಗಲೂ ದುಬಾರಿ.

“ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸಾಲದೇ?” ಎಂದ ಬಸಣ್ಣ.

ಭೌತಶಾಸ್ತ್ರ ಕಲಿಸಿ ನಿವೃತ್ತರಾದ ವೆಂಕಟೇಶಯ್ಯ ಮೇಷ್ಟ್ರು ಬಜ್ಜಿ ಕೆಳಗಿಟ್ಟರು. ಅಂದರೆ ಪಾಠ ಶುರು. “ಎಕ್ಸ್‌ರೇ ಕೋಣೆಯ ಲೆಕ್ಕದಲ್ಲಿ 23 ಸೆಂಟಿಮೀಟರ್, ಅಂದರೆ ನಿನ್ನ ಒಂಬತ್ತಿಂಚಿನ ಇಟ್ಟಿಗೆಗೆ 1.7 ಮಿಲಿಮೀಟರ್ ಸೀಸ ಸಮ. ಕಿರಣ ನೇರವಾಗಿ ಬೀಳುವ ಗೋಡೆ ಮಾತ್ರ 35 ಸೆಂಟಿಮೀಟರ್ ಇರಲಿ. ಚದರ ಮೀಟರಿಗೆ ಆ ತಗಡು 19 ಕಿಲೋ, ಒಂಬತ್ತಿಂಚಿನ ಗೋಡೆ 350 ಕಿಲೋ ದಾಟುತ್ತದೆ. ಆದ್ದರಿಂದ ಬಾಗಿಲಿಗೆ ಸೀಸ. ಇಟ್ಟಿಗೆಯ ಬಾಗಿಲನ್ನು ತಳ್ಳುವವರು ಯಾರು?”

“ನೋಡಿದಿರಾ, ಸೀಸವೇ ರಾಜ!” ಎಂದ ಚಂದ್ರು.

“ಎಕ್ಸ್‌ರೇ ಇರುವ ತನಕ. ಆ ದುರ್ಬಲ ಕಿರಣಗಳನ್ನು ಸೀಸದಂಥ ಭಾರದ ಪರಮಾಣುಗಳು ಇಡಿಯಾಗಿ ನುಂಗುತ್ತವೆ. ವಿಕಿರಣ ಸೂಸುವ ಕೋಬಾಲ್ಟ್-60ರಿಂದ ಇನ್ನೂ ಬಲಶಾಲಿಯಾದ ಗಾಮಾ ಕಿರಣ ಬಂದರೆ ಆ ಜಂಬ ನಡೆಯದು. ಅಲ್ಲಿ ಕಿರಣ ಎಲೆಕ್ಟ್ರಾನುಗಳಿಗೆ ತಾಗಿ ಚದುರುವುದೇ ಹೆಚ್ಚು. ಅದನ್ನು ಅರ್ಧಕ್ಕೆ ಇಳಿಸಲು ಸೀಸ ಸುಮಾರು 1.2 ಸೆಂಟಿಮೀಟರ್, ಕಾಂಕ್ರೀಟ್ 6, ನೀರು 11 ಬೇಕು. ಚದರ ಮೀಟರಿಗೆ ತೂಕ ಎಷ್ಟಾಯಿತು, ಹೇಳು.”

ಚಂದ್ರು ಮೊಬೈಲಿನಲ್ಲಿ ಗುಣಿಸಿದ. “ಸೀಸ 136 ಕಿಲೋ. ಕಾಂಕ್ರೀಟ್ ಹೆಚ್ಚುಕಡಿಮೆ 140. ನೀರು… 110?” ಮತ್ತೊಮ್ಮೆ ಗುಣಿಸಿದ. ಮೊಬೈಲ್ ಹಟ ಬಿಡಲಿಲ್ಲ.

“ಜಾಗ ಉಳಿಸುವುದಷ್ಟೇ ಅಲ್ಲಿ ಸೀಸದ ಹೆಚ್ಚುಗಾರಿಕೆ” ಎಂದರು ಮೇಷ್ಟ್ರು.

“ಹಾಗಾದರೆ ನನ್ನ ಚಹಾ ಕೂಡ ವಿಕಿರಣ ತಡೆಯುತ್ತದೆಯೇ?” ಒಲೆಯ ಕಡೆಯಿಂದ ಸರೋಜಕ್ಕನ ಪ್ರಶ್ನೆ.

“ನಿಮ್ಮ ಚಹಾವನ್ನು ನೀರೆಂದೇ ಹಿಡಿದು ಲೆಕ್ಕ ಹಾಕಬಹುದು” ಎಂದ ಬಸಣ್ಣ. ಅವನಿಗೆ ಎರಡನೆಯ ಲೋಟ ಬರಲಿಲ್ಲ.

ಚಂದ್ರು ಸೋಲೊಪ್ಪುವವನಲ್ಲ. “ಕೈಗಾದಂಥ ಅಣುಸ್ಥಾವರದಲ್ಲಾದರೂ ಸೀಸವೇ ಇರಬೇಕಲ್ಲ?”

“ಅಲ್ಲಿ ನ್ಯೂಟ್ರಾನ್ ಕಾಟವೂ ಉಂಟು. ಕೇರಂ ಸ್ಟ್ರೈಕರ್ ಚೌಕಟ್ಟಿಗೆ ಬಡಿದರೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ವಾಪಸಾಗುತ್ತದೆ, ಇನ್ನೊಂದು ಸ್ಟ್ರೈಕರಿಗೆ ನೆಟ್ಟಗೆ ಬಡಿದರೆ ಅಲ್ಲೇ ನಿಲ್ಲುತ್ತದೆ. ಸೀಸದ ಭಾರಿ ನ್ಯೂಕ್ಲಿಯಸ್ ಆ ಚೌಕಟ್ಟು. ಹೈಡ್ರೋಜನ್ ನ್ಯೂಕ್ಲಿಯಸ್ ನ್ಯೂಟ್ರಾನಿಗೆ ಸರಿಜೋಡಿ. ಅದಕ್ಕೇ ನೀರು, ಪ್ಯಾರಾಫಿನ್ ಮೇಣ, ಪಾಲಿಥೀನ್ ಅದರ ವೇಗ ಇಳಿಸುತ್ತವೆ. ನಿಧಾನವಾದದ್ದನ್ನು ಬೋರಾನ್ ಹಿಡಿದುಹಾಕುತ್ತದೆ.”

“ಮೇಣದ ಮುಂದೆಯೂ ಸೋಲೇ?”

“ಬೀಟಾ ಕಣಗಳ, ಅಂದರೆ ವೇಗವಾಗಿ ಸಿಡಿಯುವ ಎಲೆಕ್ಟ್ರಾನುಗಳ ವಿಷಯದಲ್ಲಿ ಇನ್ನೂ ಅವಮಾನ. ಅವನ್ನು ನೇರವಾಗಿ ಸೀಸದಿಂದ ತಡೆದರೆ ಅಲ್ಲೇ ಹೊಸದಾಗಿ ಎಕ್ಸ್‌ರೇ ಹುಟ್ಟುತ್ತದೆ. ಮೊದಲು ಪ್ಲಾಸ್ಟಿಕ್ ಇಡಬೇಕು.”

ಚಂದ್ರು ಕೊನೆಯ ಬಾಣ ಬಿಟ್ಟ. “2020ರಲ್ಲಿ ಗೋರಕ್ಷಣೆಗೆಂದು ಕೇಂದ್ರ ಸರ್ಕಾರ ರಚಿಸಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ತೋರಿಸಿದ ಸಗಣಿ ಚಿಪ್? ಮೊಬೈಲ್ ವಿಕಿರಣ ತಗ್ಗಿಸುತ್ತದೆ ಎಂದಿದ್ದರಲ್ಲ!”

“ವಿಜ್ಞಾನಿಗಳು ಪುರಾವೆ ಕೇಳಿದ್ದರು. ಮೊಬೈಲಿನದು ರೇಡಿಯೋ ಅಲೆಯಪ್ಪ, ಗಾಮಾ ಅಲ್ಲ. ಅದನ್ನು ತಡೆಯಲೇಬೇಕೆಂದರೆ ಅಲ್ಯುಮಿನಿಯಂ ಹಾಳೆಯಲ್ಲಿ ಸಂದಿಯಿಲ್ಲದಂತೆ ಸುತ್ತು. ಆಮೇಲೆ ಒಂದು ಕರೆಯೂ ಬರುವುದಿಲ್ಲ, ಅಷ್ಟೇ.”

ಬಸಣ್ಣ ತಟ್ಟನೆ ಎದ್ದು ನಿಂತ. “ಸರೋಜಕ್ಕಾ, ಪಾರ್ಸೆಲ್ ಕಟ್ಟುವ ಬೆಳ್ಳಿ ಹಾಳೆ ಸ್ವಲ್ಪ ಕೊಡಿ. ಕೋಣೆ ಯಾವಾಗ ಮುಗಿಯುತ್ತದೆಂದು ಡಾಕ್ಟರು ಬೆಳಗ್ಗೆಯಿಂದ ಒಂದೇ ಸಮನೆ ಕರೆ ಮಾಡುತ್ತಿದ್ದಾರೆ.”